ಫೋನಕ್ಕನ ಹುದ್ದೆ

ಗೋಡೆಯ ಮೇಲೆ ಹೊಸ ಹುದ್ದೆಗಳ ಪಟ್ಟಿಯ ನಾಲ್ಕನೆಯ ಮೂಲೆಗೆ ಅಂಟು ಹಚ್ಚುವಷ್ಟರಲ್ಲೇ ಉದ್ದಣ್ಣ ನಗತೊಡಗಿದ್ದ. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಳು ಅವನು. ಬೇರೆಯವರ ಹೆಗಲ ಮೇಲಿಂದ ಓದುವುದು ಹುಟ್ಟಿನಿಂದಲೇ ಬಂದ ಅನುಕೂಲ.

"'ಹಿರಿಯ ತಾಪನ ತಂತ್ರಜ್ಞ'! ಯಾರಪ್ಪಾ ಈ ಮಹಾಶಯ? ನಾನೇನಾ?"

"ನೀವೇ," ಎಂದಳು ಸೊಸೆ, ಬೆರಳಿಗೆ ಮೆತ್ತಿದ ಅಂಟನ್ನು ಉಜ್ಜಿಕೊಳ್ಳುತ್ತಾ.

ನಲ್ಲಿ, ಪೈಪು, ಬಾಯ್ಲರ್ ರಿಪೇರಿಯ ಆ ಸಂಸ್ಥೆಯನ್ನು ಕಟ್ಟಿದವರು ದೊಡ್ಡ ಮೇಸ್ತ್ರಿ. ಅವರಿಗೆ ಮಂಡಿನೋವು ಬಂದು ಮನೆ ಹಿಡಿದ ಮೇಲೆ ಎರಡು ವರ್ಷದಿಂದ ಆಫೀಸು ನೋಡಿಕೊಳ್ಳುತ್ತಿದ್ದವಳು ಅವರ ಸೊಸೆ. ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಸೊಸೆ. ಅವಳಿಗೂ ಅದು ಗೊತ್ತಿತ್ತು. ಬೇಸರವಿರಲಿಲ್ಲ.

ಮೂವತ್ತು ವರ್ಷ ಕಟ್ಟಿಕೊಂಡ ಚರಂಡಿ ಬಿಡಿಸಿಯೇ ಸಂಸಾರ ಸಾಕಿದ್ದ ಗಟಾರ ಮಾವ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ತನ್ನ ಸಾಲನ್ನು ಹುಡುಕಿದ. "'ನಿರ್ಗಮನ ವ್ಯವಸ್ಥೆಯ ತಜ್ಞ.' ಮೇಡಂ, ಇದನ್ನ ಮನೇಲಿ ಹೇಳಿದ್ರೆ, 'ಸರಿ, ಹಾಗಾದ್ರೆ ನಿರ್ಗಮಿಸಿ' ಅಂತಾಳೆ ನನ್ನ ಹೆಂಡ್ತಿ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು," ಎಂದ ಉದ್ದಣ್ಣ. ಚೀಲಗಳನ್ನು ಹೆಗಲಿಗೇರಿಸುತ್ತಿದ್ದ ಉಳಿದಿಬ್ಬರು ಫಿಟ್ಟರುಗಳೂ ಗೊಳ್ಳೆಂದರು.

ಸೊಸೆಯೂ ನಕ್ಕಳು. ಆದರೆ ಬಿಡಲಿಲ್ಲ. "ನಗಿ, ಪರವಾಗಿಲ್ಲ. ಆದ್ರೆ ವಿಮೆಯವರು ನಗ್ತಾ ಇಲ್ಲ. ಯಾರು ಏನು ಮಾಡಬಹುದು, ಯಾರು ಮಾಡಬಾರದು ಅಂತ ಬರೆದು ಕೊಡಿ ಅಂದಿದ್ದಾರೆ. ಹೋದ ತಿಂಗಳು ಹೊಸ ಫಿಟ್ಟರ್ ಒಬ್ಬ ದಾರೀಲಿ ನಿಂತು ಯಾರಿಗೋ 'ಆ ವಾಲ್ವ್ ತಿರುಗಿಸಿ ಸಾಕು' ಅಂದ. ಅವರು ತಿರುಗಿಸಿದ್ರು. ಮಹಡಿಯ ಚಾವಣಿ ಊಟದ ಮೇಜಿನ ಮೇಲೆ ಬಂತು. ಇನ್ಮೇಲೆ ಸಲಹೆ ಕೊಡೋದು ತಂತ್ರಜ್ಞ ಅನ್ನೋ ಹುದ್ದೆ ಇರೋರು ಮಾತ್ರ."

ಫೋನಿನ ಮೇಜಿನ ಹಿಂದೆ ಕೂತಿದ್ದ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡಳು. ಪಟ್ಟಿ ಓದಲು ಏಳಲಿಲ್ಲ. ಎಲ್ಲರೂ ವ್ಯಾನು ಹತ್ತಿ ಹೋದ ಮೇಲೆ, ಸೊಸೆ ಒಳಕೋಣೆಗೆ ಹೋದ ಮೇಲೆ, ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಗೋಡೆಯ ಹತ್ತಿರ ಹೋಗಿ ನಿಂತಳು. ಅವಳ ಸಾಲು ಕೊನೆಯಿಂದ ಎರಡನೆಯದು. *ಸ್ವಾಗತಕಾರಿಣಿ. ಕರೆ ಸ್ವೀಕರಿಸಿ ವಿಳಾಸ ಬರೆದುಕೊಳ್ಳುವುದು. ತಾಂತ್ರಿಕ ಸಲಹೆ: ಇಲ್ಲ.* ಗಿಡದ ಕುಂಡ ತುಂಬಿ ನೀರು ತಟ್ಟೆಗಿಳಿದು, ತಟ್ಟೆಯಿಂದ ಅವಳ ಚಪ್ಪಲಿಗಿಳಿಯುವವರೆಗೂ ಅವಳು ಅದನ್ನು ಓದುತ್ತಲೇ ಇದ್ದಳು.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಅವಳ ಕೆಲಸ ಅಷ್ಟೇ ಆಗಿತ್ತು ಎನ್ನುವುದು ನಿಜ. ವರ್ಷದಲ್ಲಿ ಐದು ತಿಂಗಳು ಚಳಿ ಜಗ್ಗದ ಊರು ಅದು. ಕಟ್ಟಡಕ್ಕೊಂದು ಬಾಯ್ಲರ್ ನೆಲಮಾಳಿಗೆಯಲ್ಲಿ ಕೂತು ನೀರು ಕಾಯಿಸುತ್ತಿತ್ತು. ಆ ನೀರು ಪೈಪಿನಲ್ಲಿ ಮಹಡಿ ಹತ್ತಿ, ಗೋಡೆಗೆ ಒರಗಿಸಿದ ಕಬ್ಬಿಣದ ರೇಡಿಯೇಟರುಗಳಲ್ಲಿ ಸುತ್ತಿ, ಕೋಣೆಗಳನ್ನು ಬೆಚ್ಚಗಿಟ್ಟು ಕೆಳಗಿಳಿಯುತ್ತಿತ್ತು. ಎಲ್ಲೋ ಒಂದು ಕಡೆ ತಪ್ಪಿದರೆ ಜನ ಫೋನು ಮಾಡುತ್ತಿದ್ದರು. ಏನಾಗಿದೆ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಹೇಗೆ ಸದ್ದು ಮಾಡುತ್ತಿದೆ ಎಂದು ಮಾತ್ರ ಎಲ್ಲರಿಗೂ ಬರುತ್ತಿತ್ತು. ಅವಳು ಆ ಸದ್ದನ್ನೇ ಚೀಟಿಯಲ್ಲಿ ಬರೆದಿಡುತ್ತಿದ್ದಳು. ಸಂಜೆ ಫಿಟ್ಟರುಗಳು ಬಂದಾಗ, "ಆ ಕೊತಕೊತ ಏನಾಗಿತ್ತು?" ಎಂದು ಕೇಳುತ್ತಿದ್ದಳು. ಅವರು ಹೇಳುತ್ತಿದ್ದರು. ಹಾಗೆ ಕಲಿತದ್ದು. ಗೊಳಗೊಳ ಎಂದರೆ ಪೈಪಿನಲ್ಲಿ ಗಾಳಿ. ಕೊತಕೊತ ಎಂದರೆ ನೀರು ಕುದಿಯುತ್ತಿದೆ, ಮುಂದಕ್ಕೆ ಹೋಗುತ್ತಿಲ್ಲ. ಟಣ್ ಟಣ್ ಎಂದರೆ ಪೈಪು ಹಿಗ್ಗಲು ಜಾಗವಿಲ್ಲದೆ ಗೋಡೆಗೆ ಗುದ್ದುತ್ತಿದೆ. ಸುಯ್ ಎಂದರೆ ಮಾತ್ರ ಮಾತಿಲ್ಲ, ಎಲ್ಲರೂ ಮನೆ ಬಿಟ್ಟು ಹೊರಗೆ ಬನ್ನಿ.

ಐದಾರು ವರ್ಷವಾಗುವಷ್ಟರಲ್ಲಿ ಕೇಳುವವಳು ಅವಳಲ್ಲ, ಹೇಳುವವಳು ಅವಳು. "ಫೋನನ್ನ ಬಾಯ್ಲರ್ ಹತ್ರ ಹಿಡೀರಿ ನೋಡೋಣ," ಎನ್ನುತ್ತಿದ್ದಳು. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ಮೇಲಿನ ಕೋಣೆ ರೇಡಿಯೇಟರಿನ ತುದಿಯಲ್ಲಿ ಸಣ್ಣ ತಿರುಪು ಇದೆ, ಕೆಳಗೆ ಬಟ್ಟಲು ಹಿಡಿದು ಅರ್ಧ ಸುತ್ತು ಬಿಡಿ," ಎನ್ನುತ್ತಿದ್ದಳು. ಹತ್ತಕ್ಕೆ ಆರು ಕರೆ ಅಲ್ಲೇ ಮುಗಿಯುತ್ತಿದ್ದವು. ಊರಿನವರು ಅವಳಿಗೆ ಫೋನಕ್ಕ ಎಂದು ಹೆಸರಿಟ್ಟರು. ಅವಳ ಗಂಡ ಓಡಿಸುತ್ತಿದ್ದ ಬಸ್ಸಿಗೆ ಹತ್ತಿದ ಮುದುಕಿಯರು, "ಫೋನಕ್ಕನ ಯಜಮಾನ್ರಲ್ವಾ?" ಎಂದು ಮುಂದಿನ ಸೀಟು ಬಿಡಿಸಿಕೊಳ್ಳುತ್ತಿದ್ದರು.

ಪಟ್ಟಿ ಅಂಟಿಸಿದ ದಿನ ಮೊದಲ ಕರೆ ಬಂದದ್ದು ಒಂಬತ್ತೂವರೆಗೆ. "ಅಕ್ಕಾ, ನಮ್ಮನೇದು ಮತ್ತೆ ಗೊಳಗೊಳ ಅಂತಿದೆ."

"ವಿಳಾಸ ಹೇಳಿ," ಎಂದಳು ಫೋನಕ್ಕ.

"ಅಕ್ಕಾ, ನಾನು. ಗಡಿಯಾರ ರಿಪೇರಿಯವರ ಮನೆ."

"ಗೊತ್ತು. ವಿಳಾಸ ಹೇಳಿ. ತಂತ್ರಜ್ಞರು ಬರ್ತಾರೆ."

"ಯಾಕಕ್ಕಾ, ಮೈಗೆ ಹುಷಾರಿಲ್ವಾ?"

ಸಂಜೆಗೆ ಚೀಟಿಗಳ ಕಂತೆ ಒಂದು ಗೇಣು ಎದ್ದಿತ್ತು. ಉದ್ದಣ್ಣ ಊರ ಆ ತುದಿಯಿಂದ ಬಂದು ಕುರ್ಚಿಯಲ್ಲಿ ಕುಸಿದ. "ಒಂದು ತಿರುಪು ಅರ್ಧ ಸುತ್ತು ಬಿಡೋಕೆ ಹನ್ನೆರಡು ಕಿಲೋಮೀಟರ್ ಹೋಗಿ ಬಂದೆ. ಹಿರಿಯ ತಂತ್ರಜ್ಞ ಅಂದ್ರೆ ಹೀಗೇನಾ ಮೇಡಂ?" ಸೊಸೆ ಚೀಟಿಗಳನ್ನು ಎಣಿಸಿದಳು. ಅವಳ ಮುಖದಲ್ಲಿ ಹಟವಿರಲಿಲ್ಲ, ಹೆದರಿಕೆ ಇತ್ತು. ವಿಮೆ ಹೋದರೆ ಬಾಗಿಲು ಮುಚ್ಚಬೇಕು ಎನ್ನುವುದು ಅವಳೊಬ್ಬಳಿಗೆ ಮಾತ್ರ ಸರಿಯಾಗಿ ಗೊತ್ತಿತ್ತು.

ಮನೆಯಲ್ಲಿ ಗಂಡ ಸಮಾಧಾನ ಮಾಡಲು ನೋಡಿದ. "ನಮ್ಮಲ್ಲೂ ಡ್ರೈವರ್ ಅನ್ನೋ ಹಾಗಿಲ್ಲ ಕಣೇ. 'ಸಾರಿಗೆ ಸಂಚಾಲಕ' ಅಂತೆ. ಬ್ರೇಕ್ ಮಾತ್ರ ಅದೇ ಹಳೇದು."

"ನಿಮ್ಮದು ಏರಿಸಿದ್ರು. ನನ್ನದು ಇಳಿಸಿದ್ರು," ಎಂದಳು ಅವಳು. "ಇಪ್ಪತ್ತೆರಡು ವರ್ಷ ನಾನು ಸ್ವಾಗತ ಮಾಡ್ತಾ ಕೂತಿದ್ದೆನಂತೆ. ಯಾರನ್ನ ಸ್ವಾಗತ ಮಾಡಿದ್ದೀನಿ? ಆಫೀಸಿಗೆ ಬರೋದು ಪೋಸ್ಟಿನವನೊಬ್ಬನೇ." ಹೇಳುತ್ತಾ ಅವಳಿಗೇ ನಗು ಬಂತು. ನಗುವಿನ ಹಿಂದೆಯೇ ಕಣ್ಣೂ ತುಂಬಿತು. ಗಂಡ ಎರಡನ್ನೂ ನೋಡಿ ಅವಳ ಪಾಲಿನ ಪಾತ್ರೆಗಳನ್ನೂ ತೊಳೆದಿಟ್ಟ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಪುಸ್ತಕಾಲಯದ ಸಭಾಂಗಣದಿಂದ ಫೋನು ಬಂತು. ಮಾತಾಡಿದವರು ವೃಂದಗಾನ ಕಲಿಸುವ ಮೇಷ್ಟ್ರು. ಅವರದು ಕೆಲಸದಿಂದ ನಿವೃತ್ತರಾದವರ ತಂಡ, ಮೂವತ್ತು ಜನ, ಎರಡು ವರ್ಷ ಅಭ್ಯಾಸ ಮಾಡಿ ಅವತ್ತು ಹನ್ನೊಂದು ಗಂಟೆಗೆ ಮೊದಲ ಸಲ ಊರಿನ ಮುಂದೆ ಹಾಡುವವರಿದ್ದರು. "ಒಳಗೆ ಮಂಜುಗಡ್ಡೆ ಹಾಗಿದೆ ಅಮ್ಮಾ. ಎಲ್ಲರ ಗಂಟಲೂ ಕಟ್ಟಿದೆ. ಬಾಯ್ಲರ್ ಹತ್ತಿಕೊಳ್ಳುತ್ತೆ, ಏನೋ ಸದ್ದು ಮಾಡುತ್ತೆ, ಆರಿಹೋಗುತ್ತೆ."

"ಏನ್ ಸದ್ದು?" ಎಂದುಬಿಟ್ಟಳು ಫೋನಕ್ಕ. ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಸೊಸೆ ತಲೆ ಎತ್ತಿ ನೋಡಿದಳು. ನಾಲ್ವರೂ ಫಿಟ್ಟರುಗಳು ಹೊಳೆಯಾಚೆ ಒಂದು ಹೋಟೆಲಿನಲ್ಲಿ ಮುಖ್ಯ ಪೈಪು ಬಿಚ್ಚಿಕೊಂಡು ಕೂತಿದ್ದರು. ಮಧ್ಯಾಹ್ನದವರೆಗೆ ಕದಲುವ ಹಾಗಿರಲಿಲ್ಲ. "ಕೇಳಿ ಅಕ್ಕಾ," ಎಂದಳು ಅವಳು ಸಣ್ಣ ದನಿಯಲ್ಲಿ. "ಏನ್ ಸದ್ದು ಅಂತ ಕೇಳಿ."

ಆದರೆ ಆ ಕಟ್ಟಡದ ಫೋನು ಮಹಡಿಯ ಮೇಲಿತ್ತು, ಬಾಯ್ಲರ್ ನೆಲಮಾಳಿಗೆಯಲ್ಲಿ, ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಮೇಷ್ಟ್ರು ಓಡಿಹೋಗಿ ಕೇಳಿ ಬಂದು ಏನೋ ಹೇಳಿದರು. ಅವರು ಏದುಸಿರು ಬಿಡುವ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಫೋನಕ್ಕ ಎದ್ದು ನಿಂತಳು. "ನಾನೇ ಹೋಗಿ ಕೇಳಿಸ್ಕೊಂಡು ಬರ್ತೀನಿ."

"ನೀವು ಹೋಗೋ ಹಾಗಿಲ್ಲವಲ್ಲ," ಎಂದಳು ಸೊಸೆ. ಪೆನ್ನು ಕಚ್ಚಿದಳು. ಪಟ್ಟಿಯ ಕಡೆ ನೋಡಿದಳು. ಆಮೇಲೆ ಕಾರಿನ ಬೀಗದ ಕೈ ತಗೊಂಡಳು. "ಮಾವನವರ ಲೈಸೆನ್ಸು ಇನ್ನೂ ಚಾಲ್ತಿಯಲ್ಲಿದೆ. ಅವರು ಅಲ್ಲಿದ್ರೆ ಸಾಕು. ಬನ್ನಿ."

ಹೀಗೆ ದೊಡ್ಡ ಮೇಸ್ತ್ರಿ ಮನೆಯ ಚಪ್ಪಲಿಯಲ್ಲೇ, ಕೊರಳಿಗೆ ಹೆಂಡತಿಯ ಮಫ್ಲರ್ ಸುತ್ತಿಕೊಂಡು, ಎರಡು ವರ್ಷದ ನಂತರ ಕೆಲಸಕ್ಕೆ ಹೊರಟರು. ಕಾರಿನಲ್ಲಿ ಅವರ ಖುಷಿ ಹೇಳತೀರದು. "ಸ್ಪ್ಯಾನರ್ ತಗೊಂಡ್ರಾ? ಟಾರ್ಚು? ಹಳೇ ಬಟ್ಟೆ?" ಹಳೇ ಬಟ್ಟೆ ಯಾರೂ ತಂದಿರಲಿಲ್ಲ. ಸೊಸೆ ಅವತ್ತು ಬಿಳಿ ಅಂಗಿ ಹಾಕಿದ್ದಳು.

ನೆಲಮಾಳಿಗೆಗೆ ಹದಿನೇಳು ಮೆಟ್ಟಿಲು, ಏಣಿಯ ಹಾಗೆ ಕಡಿದಾದವು. ಮೇಸ್ತ್ರಿ ಮೇಲಿನಿಂದಲೇ ಇಣುಕಿ ತಮ್ಮ ಮಂಡಿಗಳನ್ನು ನೋಡಿಕೊಂಡರು. ಯಾರೋ ಕುರ್ಚಿ ತಂದರು. ಅವರು ಮೆಟ್ಟಿಲ ಬಾಯಿಯಲ್ಲಿ ಕೂತರು. ಸುತ್ತ ಕೋಟು, ಟೋಪಿ, ಕೈಗವಸು ತೊಟ್ಟ ಮೂವತ್ತು ಜನ ಹಾಡುಗಾರರು ಬಾಯಿಂದ ಹಬೆ ಬಿಡುತ್ತಾ ನಿಂತರು.

"ನಾನಿಲ್ಲಿ ಅಧಿಕೃತವಾಗಿ ಕೂತಿದ್ದೀನಿ," ಎಂದರು ಮೇಸ್ತ್ರಿ. "ನೀವಿಬ್ರೂ ಇಳೀರಿ. ನಾನು ಹೇಳದೆ ಏನೂ ಮುಟ್ಟಬೇಡಿ. ಗ್ಯಾಸಿನ ಕಡೆಯಂತೂ ಕೈ ಹಾಕಲೇಬೇಡಿ."

ಕೆಳಗೆ ಒಂದೇ ಬಲ್ಬು. ಗೋಡೆಯುದ್ದಕ್ಕೂ ಹಳೆಯ ಪತ್ರಿಕೆಗಳ ಕಟ್ಟು, ಮುರಿದ ಕುರ್ಚಿ, ಅದರಾಚೆ ನೀಲಿ ಬಣ್ಣದ ಬಾಯ್ಲರ್. ಫೋನಕ್ಕ ಅದರ ಎದುರು ಬಂದು ನಿಂತಳು. ಅವಳಿದ್ದದ್ದು ನಾಲ್ಕನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಅಲ್ಲಿಯ ಬಾಯ್ಲರಿನ ಕೋಣೆಗೆ ಮಾಲೀಕರ ಬೀಗ. ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಮಾತಾಡಿದ ವಸ್ತುವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಫೋನಿನಲ್ಲಷ್ಟೇ ಪರಿಚಯವಿದ್ದವರು ಎದುರು ಸಿಕ್ಕಾಗ ಆಗುವಂತೆ ಅವಳಿಗೆ ಸ್ವಲ್ಪ ಸಂಕೋಚವಾಯಿತು.

"ನೀವು ಇದನ್ನ ನೋಡಿಲ್ವಾ ಅಕ್ಕಾ?" ಎಂದು ಸೊಸೆ ಅಚ್ಚರಿಯಿಂದ ಕೇಳಿದಳು.

"ಇಲ್ಲ. ನೀವು?"

"ಕ್ಯಾಟಲಾಗಿನಲ್ಲಿ ನೋಡಿದ್ದೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕುಬಿಟ್ಟರು. ಮೇಲಿಂದ ಮೇಸ್ತ್ರಿ, "ಏನಾಯ್ತು?" ಎಂದು ಕೂಗಿದರು.

ಮೇಸ್ತ್ರಿ ಹೇಳಿದ ಮೇಲೆ ಫೋನಕ್ಕ ಕೆಂಪು ಗುಂಡಿ ಒತ್ತಿದಳು. ಒಳಗೆ ಬೆಂಕಿ ಭುಸ್ಸೆಂದು ಹತ್ತಿತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕೊತಕೊತ ಶುರುವಾಯಿತು, ಜೋರಾಯಿತು, ಟಕ್ ಎಂದು ಆರಿತು. ಫೋನಕ್ಕ ಕಣ್ಣು ಮುಚ್ಚಿದಳು. ಕೊತಕೊತದ ಕೆಳಗೆ ಇನ್ನೊಂದು ಸದ್ದಿತ್ತು. ಫೋನಿನಲ್ಲಾದರೆ ಅದು ಬರುತ್ತಲೇ ಇರಲಿಲ್ಲವೇನೋ. ಅವಳು ಆ ಸದ್ದಿನ ಹಿಂದೆಯೇ ಹೋಗಿ ಪೈಪಿನ ನಡುವೆ ಕೂತಿದ್ದ, ತೆಂಗಿನಕಾಯಿಯಷ್ಟು ದಪ್ಪದ ಪಂಪಿನ ಮುಂದೆ ನಿಂತಳು.

"ಪಂಪು ಗುಂಯ್ ಅಂತಿದೆ!" ಎಂದು ಕೂಗಿದಳು. "ತಿರುಗ್ತಾ ಇಲ್ಲ ಅನ್ಸುತ್ತೆ!"

ಮೇಸ್ತ್ರಿಗೆ ನಲವತ್ತು ವರ್ಷ ಪೈಪು ಬಡಿದು ಎಡಗಿವಿ ಪೂರಾ ಹೋಗಿತ್ತು, ಬಲಗಿವಿ ಅರ್ಧ. ಮೆಟ್ಟಿಲಿನ ಗವಿಯಲ್ಲಿ ಅವಳ ಮಾತು ಗುಡುಗಿ ಕಲಸಿಹೋಯಿತು. "ಗುಂಯ್ಯಾ? ಗರಗರನಾ? ಸರಿಯಾಗಿ ಹೇಳು! ಗರಗರ ಅಂದ್ರೆ ಒಳಗೆ ಮುರಿದಿದೆ, ಹೊಸ ಪಂಪೇ ಬೇಕು. ಗುಂಯ್ ಅಂದ್ರೆ ಬರೀ ಹಿಡ್ಕೊಂಡಿದೆ!"

"ಗುಂಯ್!"

"ಏನು?"

ಮೆಟ್ಟಿಲ ಮೇಲಿಂದ ಬಾಗಿದ ಸಂಗೀತದ ಮೇಷ್ಟ್ರು, "ಹೇಗಮ್ಮಾ? ಒಂದು ಸಲ ಹಾಡಿ ತೋರಿಸಿ," ಎಂದರು.

ಫೋನಕ್ಕ ಪಂಪಿಗೆ ಕಿವಿಯಿಟ್ಟು, ಮೂಗಿನಲ್ಲೇ "ಮ್ಮ್ಮ್" ಎಂದು ಎಳೆದಳು. ಮೇಷ್ಟ್ರು ಅದನ್ನು ಹಿಡಿದರು. "ಅಷ್ಟು ಮೇಲಲ್ಲ, ಇನ್ನೂ ಕೆಳಗೆ," ಎಂದಳು ಅವಳು. ಅವರು ಇಳಿಸಿದರು. "ಇನ್ನೊಂಚೂರು. ಹಾಂ, ಅಲ್ಲೇ!" ಮೇಷ್ಟ್ರು ಕೈ ಎತ್ತಿದರು. ಮೂವತ್ತು ಜನ ಕೋಟಿನೊಳಗಿಂದ ಒಂದೇ ಶ್ರುತಿಯಲ್ಲಿ, ಎಡೆಬಿಡದೆ, ಮೇಸ್ತ್ರಿಯ ಬಲಗಿವಿಯ ಸುತ್ತ ಗುಂಯ್ಗುಟ್ಟಿದರು. ಕಟ್ಟಡವೇ ನಡುಗಿದ ಹಾಗಾಯಿತು.

ಮೇಸ್ತ್ರಿ ತೊಡೆ ತಟ್ಟಿಕೊಂಡರು. "ಅದೇ! ಅದೇ ಕಣ್ರೋ! ಬೇಸಿಗೆಯೆಲ್ಲಾ ಕೆಲಸವಿಲ್ಲದೆ ಕೂತು ಹಿಡ್ಕೊಂಡಿದೆ ಅದು, ನನ್ನ ಮಂಡಿ ಹಾಗೆ. ಬಿಡಿಸಿದ್ರೆ ಆಯ್ತು!"

ಬಿಡಿಸುವುದು ಹೇಗೆ ಎಂದು ಫೋನಕ್ಕನಿಗೆ ಅಂಗೈ ಗೆರೆಯಷ್ಟು ಪರಿಚಿತ. ಹೊಸ ಫಿಟ್ಟರುಗಳು ದಾರಿ ತಪ್ಪಿದಾಗಲೆಲ್ಲ ಫೋನಿನಲ್ಲಿ ಅವಳೇ ಹೇಳಿಕೊಟ್ಟದ್ದು: ಕರೆಂಟು ಆರಿಸು, ಪಂಪಿನ ಮುಖದ ನಡುವಿನ ದೊಡ್ಡ ತಿರುಪು ಬಿಚ್ಚು, ಸ್ವಲ್ಪ ನೀರು ಬರುತ್ತೆ, ಹೆದರಬೇಡ, ಒಳಗೆ ಕಡ್ಡಿಯ ತುದಿ ಕಾಣುತ್ತೆ, ಅದನ್ನು ತಿರುಗಿಸು. ಈಗ ಸೊಸೆ ಟಾರ್ಚು ಹಿಡಿದಳು. ತಿರುಪುಳಿ ಫೋನಕ್ಕನ ಕೈಯಲ್ಲಿತ್ತು.

ತಿರುಪುಳಿ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಎಷ್ಟು ಒತ್ತಬೇಕು, ಎಲ್ಲಿ ಭಾರ ಹಾಕಬೇಕು, ಮೊಣಕೈ ಎತ್ತ ಇರಬೇಕು, ಒಂದೂ ತಿಳಿಯದು. ಬಾಯಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತಿದ್ದಾಳೆ ಎಂದು ಸೊಸೆ ತೋರಿಸಿಕೊಟ್ಟ ಮೇಲೆ ಅವಳ ಕಿವಿಯವರೆಗೂ ಕೆಂಪೇರಿತು. ಇಷ್ಟು ವರ್ಷ ಆ ಹುಡುಗರಿಗೆ, "ಅಷ್ಟೂ ಬರಲ್ವೇನೋ ನಿಂಗೆ?" ಎಂದು ಗದರಿದ್ದು ನೆನಪಾಯಿತು.

"ಅಕ್ಕಾ, ಎರಡೂ ಕೈಯಲ್ಲಿ ಹಿಡೀರಿ. ನಾನೂ ಹಿಡೀತೀನಿ."

ನಾಲ್ಕು ಕೈಗಳ ಕೆಳಗೆ ತಿರುಪು ಕಿರ್ರೆಂದು ಸಡಿಲಾಯಿತು. ಮರುಗಳಿಗೆ ತಿರುಪಿನ ಸಂದಿನಿಂದ ಕಪ್ಪು ನೀರು ಚಿಮ್ಮಿ ಸೊಸೆಯ ಬಿಳಿ ಅಂಗಿಯ ಮೇಲೆ ಕೊರಳಿನಿಂದ ಸೊಂಟದವರೆಗೆ ನೇರ ಗೀಟು ಎಳೆಯಿತು. ಸೊಸೆ ಕಿರುಚಿದಳು. ಮೇಲೆ ಹಾಡುಗಾರರೂ ಕಿರುಚಿದರು.

"'ಸ್ವಲ್ಪ ನೀರು ಬರುತ್ತೆ' ಅಂತ ನಾನು ಎಷ್ಟು ಜನಕ್ಕೆ ಹೇಳಿದ್ದೀನೋ," ಎಂದಳು ಫೋನಕ್ಕ, ಮುಖ ಒರೆಸಿಕೊಳ್ಳುತ್ತಾ. "ಸ್ವಲ್ಪ ಅಂದ್ರೆ ಎಷ್ಟು ಅಂತ ನನಗೆ ಯಾರೂ ಹೇಳಿರಲಿಲ್ಲ."

ಒಳಗಿನ ಕಡ್ಡಿಗೆ ತಿರುಪುಳಿಯ ತುದಿ ಕೂರಿಸಿ ತಿರುಗಿಸಿದಳು. ಕಲ್ಲು. ಇನ್ನೊಮ್ಮೆ. ಕಲ್ಲು. ಉಸಿರು ಬಿಗಿಹಿಡಿದು ಮೂರನೆಯ ಸಲ ತಿರುಗಿಸಿದಾಗ ಒಳಗೆಲ್ಲೋ ಒಂದು ಕೂದಲೆಳೆಯಷ್ಟು ಮಿಸುಕಿತು. ಗಾಢ ನಿದ್ದೆಯಲ್ಲಿದ್ದವರು ಮಗ್ಗುಲಾದ ಹಾಗೆ. ಆ ಮಿಸುಕು ಲೋಹದಿಂದ ಹಿಡಿಗೆ, ಹಿಡಿಯಿಂದ ಅವಳ ಮುಂಗೈಗೆ ಹತ್ತಿ ಬಂತು. ಯಾವ ಫಿಟ್ಟರೂ ಅವಳಿಗೆ ಇದನ್ನು ಹೇಳಿರಲಿಲ್ಲ. ಹೇಳಲು ಬರುವಂಥದ್ದೂ ಅಲ್ಲವಾಗಿತ್ತು. ಮತ್ತೆ ತಿರುಗಿಸಿದಳು. ಈಗ ಅದು ಸಲೀಸಾಗಿ ಸುತ್ತಿತು. ಬೇಕಿಲ್ಲದಿದ್ದರೂ ಅವಳು ಇನ್ನೂ ನಾಲ್ಕು ಸಲ ಸುತ್ತಿಸಿದಳು.

ತಿರುಪು ಬಿಗಿದು ಕರೆಂಟು ಹಾಕಿದಾಗ ಪಂಪು ಮೆತ್ತಗೆ ಓಡತೊಡಗಿತು. ಸೊಸೆ ಮೇಲಕ್ಕೆ ಹೋಗುವ ಪೈಪಿಗೆ ಕೆನ್ನೆ ಇಟ್ಟು, "ಬಿಸಿ ಬಂತು, ಬಿಸಿ ಬಂತು!" ಎಂದು ಕುಣಿದಳು. ಹನ್ನೊಂದಕ್ಕೆ ಸಭಾಂಗಣ ತುಂಬಿದಾಗ ಜನ ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದರು. ಮೂವರಿಗೂ ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತು. ಮೇಸ್ತ್ರಿಗೆ ಹಾಡು ಎಷ್ಟು ಕೇಳಿಸಿತೋ, ತಾಳ ಮಾತ್ರ ತಪ್ಪದೆ ಹಾಕಿದರು.

ಆಫೀಸಿಗೆ ಬಂದ ಮೇಲೆ ಮೇಸ್ತ್ರಿ ಮನೆಗೆ ಹೋಗಲು ಒಪ್ಪಲಿಲ್ಲ. ಹೋಟೆಲಿನಿಂದ ಫಿಟ್ಟರುಗಳು ಬರುವವರೆಗೂ ಕಾದು ಕೂತು, ಎಲ್ಲರ ಎದುರು ಸೊಸೆಗೆ ಹೇಳಿದರು: "ಆ ಪಟ್ಟಿ ತೆಗಿ. ಇವಳನ್ನ 'ಮುಖ್ಯ ತಾಂತ್ರಿಕ ಸಲಹೆಗಾರ್ತಿ' ಅಂತ ಬರಿ. ಇಪ್ಪತ್ತೆರಡು ವರ್ಷದ ಅನುಭವ ಅಂತ ನಾನು ಸಹಿ ಹಾಕ್ತೀನಿ. ವಿಮೆಯವರು ಒಪ್ಪಲೇಬೇಕು."

"ಒಪ್ತಾರೆ," ಎಂದಳು ಸೊಸೆ. ಅಂಗಿಯ ಮೇಲಿನ ಕಪ್ಪು ಗೀಟು ಒಣಗಿ ಇನ್ನಷ್ಟು ಕಪ್ಪಾಗಿತ್ತು. "ಅನುಭವದ ಪತ್ರ ಇದ್ರೆ ಸಲಹೆಗೆ ಅಡ್ಡಿಯಿಲ್ಲ ಅಂತ ನಿಯಮದಲ್ಲೇ ಇದೆ. ನಾನೇ ಹುಡುಕಬೇಕಿತ್ತು. ತಪ್ಪು ನಂದು ಅಕ್ಕಾ."

"ಕಿವಿ ಡಾಕ್ಟ್ರು ಅಂತಾನೂ ಬರೀಬಹುದು," ಎಂದ ಗಟಾರ ಮಾವ. ಎಲ್ಲರೂ ಚಪ್ಪಾಳೆ ತಟ್ಟಿದರು.

ಫೋನಕ್ಕ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಎರಡು ಸಲ ಸೋಪು ಹಾಕಿದ್ದರೂ ಉಗುರಿನ ಬುಡದ ಕಪ್ಪು ಹೋಗಿರಲಿಲ್ಲ. "ಪಟ್ಟೀಲಿ ಕೊನೇ ಸಾಲು ಏನಿದೆ?" ಎಂದು ಕೇಳಿದಳು.

ಉದ್ದಣ್ಣ ಓದಿದ. "'ಶಿಕ್ಷಣಾರ್ಥಿ, ತಾಪನ ಕೆಲಸ. ಸದ್ಯಕ್ಕೆ ಖಾಲಿ.'"

"ನನಗೆ ಅದು ಕೊಡಿ."

ಚಪ್ಪಾಳೆ ನಿಂತಿತು. ಮೇಸ್ತ್ರಿ ಬಲಗಿವಿಯನ್ನು ಮುಂದೆ ಮಾಡಿ, "ಯಾವುದು?" ಎಂದರು.

"ಅಕ್ಕಾ, ಅದು ಶಾಲೆ ಮುಗಿಸಿದ ಮಕ್ಕಳಿಗೆ," ಎಂದಳು ಸೊಸೆ. "ಸಂಜೆ ತರಗತಿ, ಎರಡು ವರ್ಷ. ಪೈಪು ಹೊರಬೇಕು, ನೆಲದ ಮೇಲೆ ಮಲಗಬೇಕು. ಎಲ್ಲರಿಗಿಂತ ಕೆಳಗಿನ ಹುದ್ದೆ ಅದು."

"ವಯಸ್ಸು ಇಷ್ಟೇ ಇರಬೇಕು ಅಂತ ಬರೆದಿದೆಯಾ?"

ಸೊಸೆ ಕಡತ ತೆಗೆದು ನೋಡಿದಳು. ಬರೆದಿರಲಿಲ್ಲ.

"ನನಗೆ ಐವತ್ತೊಂದು. ಕಿವಿ ಚೆನ್ನಾಗಿದೆ, ಮಂಡಿನೂ ಚೆನ್ನಾಗಿದೆ," ಎಂದಳು ಫೋನಕ್ಕ. "ಮುಖ್ಯ ಸಲಹೆಗಾರ್ತಿ ಅಂತ ಬರೆದ್ರೆ ನಾನು ಇದೇ ಕುರ್ಚೀಲಿ ಕೂತಿರ್ತೀನಿ. ಇವತ್ತು ಆ ತಿರುಪು ಯಾವ ಕಡೆ ಬಿಚ್ಚುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ. ಬೆಳಿಗ್ಗೆ ಫೋನು ನೋಡ್ಕೋತೀನಿ, ಮಧ್ಯಾಹ್ನ ಉದ್ದಣ್ಣನ ಜೊತೆ ಹೋಗ್ತೀನಿ."

"ನನ್ನ ಜೊತೆನಾ?" ಉದ್ದಣ್ಣ ಎರಡು ಹೆಜ್ಜೆ ಹಿಂದೆ ಸರಿದು ಚೌಕಟ್ಟಿಗೆ ತಲೆ ಬಡಿಸಿಕೊಂಡ. "ಅಕ್ಕಾ, ನಾನು ಹೊಸಬ ಆಗಿದ್ದಾಗ ಮೂರು ವರ್ಷ ನೀವು ಫೋನಲ್ಲಿ ಬಯ್ದು ಬಯ್ದು ನನಗೆ ಕೆಲಸ ಕಲಿಸಿದ್ರಿ. ಈಗ ಯಾವ ಬಾಯಲ್ಲಿ ನಾನು ನಿಮಗೆ ಹೇಳಿಕೊಡ್ಲಿ?"

"ಬಾಯಲ್ಲಿ ಬೇಡ," ಎಂದಳು ಅವಳು. "ಕೈಯಲ್ಲಿ ತೋರಿಸು."

ಬೆಳಗಿನ ಫೋನಿನ ಸಮಸ್ಯೆಯನ್ನು ಮೇಸ್ತ್ರಿ ತಾವಾಗಿಯೇ ಬಗೆಹರಿಸಿದರು. ಶಿಕ್ಷಣಾರ್ಥಿ ಸಲಹೆ ಕೊಡಬೇಕಾದರೆ ಪಕ್ಕದಲ್ಲಿ ಲೈಸೆನ್ಸು ಇರುವವರು ಇರಬೇಕೆಂದು ನಿಯಮವಿತ್ತು. ಮರುದಿನದಿಂದ ಒಂಬತ್ತು ಗಂಟೆಗೆ ಸರಿಯಾಗಿ ಅವರು ಮಫ್ಲರ್ ಸುತ್ತಿಕೊಂಡು ಬಂದು ಫೋನಿನ ಪಕ್ಕ ಕೂತು ಪತ್ರಿಕೆ ಬಿಡಿಸುತ್ತಿದ್ದರು. ಫೋನಕ್ಕ ಯಾರಿಗಾದರೂ ಏನಾದರೂ ಹೇಳಿದಾಗ, ಕೇಳಿಸಲಿ ಬಿಡಲಿ, ಅಧಿಕೃತವಾಗಿ ತಲೆಯಾಡಿಸುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಎರಡು ವರ್ಷದ ನಂತರ ನೆಮ್ಮದಿಯಾಗಿ ಉಸಿರುಬಿಟ್ಟರೆಂದು ಸೊಸೆ ಹೇಳಿದಳು.

ಮೊದಲ ತಿಂಗಳು ಫೋನಕ್ಕನಿಗೆ ಸುಖವಾಗಿರಲಿಲ್ಲ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಸಂಜೆಯ ತರಗತಿಯಲ್ಲಿ ಮಗಳ ವಯಸ್ಸಿನವರು ಅವಳನ್ನು ಟೀಚರ್ ಎಂದುಕೊಂಡು ಎದ್ದು ನಿಂತರು. ಎರಡನೆಯ ವಾರ ಒಬ್ಬರ ಬಚ್ಚಲಿನಲ್ಲಿ ಅವಳು ತಿರುಪಿನ ಎಳೆ ತಪ್ಪಿಸಿ ಬಿಗಿದ ಪೈಪಿನ ಜೋಡಣೆ ಕಿತ್ತು, ಬಕೆಟ್ಟು, ಸೋಪು, ಉದ್ದಣ್ಣನ ಚಪ್ಪಲಿ ಎಲ್ಲ ಹೊಸಿಲಾಚೆ ತೇಲಿದವು. ಅವಳು ನೀರಿನಲ್ಲಿ ಮಂಡಿಯೂರಿ ಕೂತು, ಉದ್ದಣ್ಣ ಬೈಯುತ್ತಾನೆಂದು ಕಾದಳು. ಅವನು ಬಹಳ ಹೊತ್ತು ತಡೆದುಕೊಂಡು, ಕಡೆಗೆ, "ಅಷ್ಟೂ ಬರಲ್ವೇನಕ್ಕಾ ನಿಮಗೆ?" ಎಂದ. ಇಬ್ಬರೂ ಒದ್ದೆ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. ಮನೆಯೊಡತಿ ಬಂದು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ.

ಮೂರನೆಯ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವಳು ತನ್ನ ಅಡುಗೆಮನೆಯ ಸಿಂಕಿನ ಕೆಳಗೆ ಬೆನ್ನ ಮೇಲೆ ಮಲಗಿದ್ದಳು. ಕಾಲು ಮಾತ್ರ ಹೊರಗಿತ್ತು. ಅಲ್ಲಿಯ ಹಳೆಯ ಪೈಪು ತುಕ್ಕು ಹಿಡಿದಿತ್ತು. ಮಾಲೀಕರಿಗೆ ಹೇಳಿ, ತಾನೇ ಹೊಸದು ಹಾಕುತ್ತೇನೆಂದು ಒಪ್ಪಿಸಿದ್ದಳು. ಯಾರೂ ಪಕ್ಕದಲ್ಲಿಲ್ಲದೆ ಅವಳು ಮಾಡಿದ ಮೊದಲ ಜೋಡಣೆ ಅದು. ಗಂಡ ಹೊರಗಿನ ಪಡಸಾಲೆಯಲ್ಲಿ ನೀರಿನ ಮುಖ್ಯ ವಾಲ್ವಿನ ಮೇಲೆ ಕೈಯಿಟ್ಟು, ಬಸ್ಸಿನ ಗೇರಿನ ಮೇಲೆ ಇಟ್ಟಷ್ಟೇ ಗಂಭೀರವಾಗಿ ನಿಂತಿದ್ದ.

"ಬಿಡಲಾ?"

"ಇರಿ." ಅವಳು ಕೊನೆಯ ಸಲ ಸ್ಪ್ಯಾನರ್ ಹಾಕಿ ಕಾಲು ಸುತ್ತು ಬಿಗಿದಳು. "ಹೂಂ, ಬಿಡಿ. ನಿಧಾನ."

ಪೈಪು ಒಮ್ಮೆ ಅಲುಗಿ ತಣ್ಣಗಾಗುತ್ತಾ ಬಂತು. ಅವಳು ಜೋಡಣೆಯ ಕೆಳಗೆ ಅಂಗೈ ಹಿಡಿದು ಹಾಗೇ ಮಲಗಿದಳು. ಗಂಡ ಬಂದು ನೆಲಕ್ಕೆ ಕೂತ, ಆಮೇಲೆ ಬಗ್ಗಿದ, ಆಮೇಲೆ ತಾನೂ ತಲೆ ಒಳಗೆ ತೂರಿಸಿದ. ಬೆಳಕು ಅಷ್ಟಾಗಿ ಇರಲಿಲ್ಲ. ಏನೂ ಕಾಣದೆ ಅವನೂ ತನ್ನ ಕೈಯನ್ನು ಅವಳ ಕೈಯ ಪಕ್ಕ ಚಾಚಿದ. ಎರಡು ಅಂಗೈಗಳು ಒಂದರ ಪಕ್ಕ ಒಂದು, ತೆರೆದುಕೊಂಡು, ಒಣಗಿಯೇ ಇದ್ದವು.